ಕೈಲೆಕ್ಕದ ಮಹಾಸಂಖ್ಯೆ

ಸಚಿವಾಲಯದಲ್ಲಿ ಕೋಟಿಗಳ ಲೆಕ್ಕ ನೋಡಿ ನಿವೃತ್ತನಾದ ನನ್ನನ್ನು ಈಗ ಕಾಡುತ್ತಿರುವುದು 39 ಅಂಕಿಗಳ ಒಂದು ಸಂಖ್ಯೆ. 127 ಎರಡುಗಳನ್ನು ಒಟ್ಟಿಗೆ ಗುಣಿಸಿ, ಒಂದನ್ನು ಕಳೆದರೆ ಅದು ದೊರೆಯುತ್ತದೆ.

1842ರಲ್ಲಿ ಫ್ರಾನ್ಸಿನ ಅಮಿಯಾನಲ್ಲಿ ಜನಿಸಿದ ಎಡ್ವಾರ್ ಲ್ಯೂಕಾ, ಪ್ಯಾರಿಸ್ ವೀಕ್ಷಣಾಲಯದಲ್ಲಿ ದುಡಿದು, ಪ್ರಷ್ಯಾ ವಿರುದ್ಧದ ಯುದ್ಧದಲ್ಲಿ ಹೋರಾಡಿ, ಬಳಿಕ ಅಧ್ಯಾಪಕರಾದರು. ಆ ಸಂಖ್ಯೆ ಅವಿಭಾಜ್ಯವೆಂದು 1876ರಲ್ಲಿ ಕೈಲೆಕ್ಕದಿಂದಲೇ ತೋರಿಸಿಕೊಟ್ಟರು. ಭಾಜಕಗಳನ್ನು ಒಂದೊಂದಾಗಿ ಪರೀಕ್ಷಿಸಲು ಹಲವು ಜನ್ಮಗಳೂ ಸಾಲವು. ಪ್ರತಿ ಹಂತದಲ್ಲೂ ವರ್ಗಮಾಡಿ, ಎರಡನ್ನು ಕಳೆದು, ಆ ಸಂಖ್ಯೆಯಿಂದ ಭಾಗಿಸಿ, ಶೇಷವನ್ನಷ್ಟೇ ಉಳಿಸಿಕೊಂಡು ಸಾಗುವುದು ಅವರ ಉಪಾಯ. 1951ರವರೆಗೆ ಅದಕ್ಕಿಂತ ದೊಡ್ಡ ಅವಿಭಾಜ್ಯ ಜಗತ್ತಿಗೆ ತಿಳಿದಿರಲಿಲ್ಲ.

1891ರಲ್ಲಿ, ಔತಣಕೂಟವೊಂದರಲ್ಲಿ ಒಡೆದ ತಟ್ಟೆಯ ಚೂರಿನಿಂದಾದ ಗಾಯ ನಂಜೇರಿ, 49ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಲೆಹ್ಮರ್ ಪರಿಷ್ಕರಿಸಿದ ಅವರ ವಿಧಾನವನ್ನು ಗಣಕಯಂತ್ರಗಳು ಇಂದೂ ಬಳಸುತ್ತಿವೆ. ತಕ್ಷಣದ ಪ್ರಯೋಜನ ಕಾಣದೆಂದು ನಾನು ಹಿಂದಿರುಗಿಸಿದ ಸಂಶೋಧನಾ ಕಡತಗಳು ಈಗ ನೆನಪಾಗುತ್ತವೆ.