ವಕೀಲರ ಫೀಸು ಕಟ್ಟಲಾಗದ ಮಹಿಳೆಗೂ ನ್ಯಾಯ: ಕಾನೂನು ನೆರವಿನ ದಾರಿ ತೆರೆದ ವಿ.ಆರ್. ಕೃಷ್ಣ ಅಯ್ಯರ್

ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಮಹಿಳೆಯ ಕಂಕುಳಲ್ಲಿ ಮಗುವಿರಬಹುದು, ಕೈಯಲ್ಲಿ ದುಡ್ಡಿರುವುದಿಲ್ಲ. ಆತ ಮತ್ತೆ ಹತ್ತಿರ ಸುಳಿಯದಂತೆ ರಕ್ಷಣಾ ಆದೇಶ ಪಡೆಯಲು ಮ್ಯಾಜಿಸ್ಟ್ರೇಟ್ ಕೋರ್ಟ್‌ಗೆ ಹೋಗಬೇಕು. ವಕೀಲರ ಫೀಸು ಕೊಡುವವರು ಯಾರು? ಸರ್ಕಾರದ ನಿಧಿಯಿಂದಲೇ ಕೊಡಬೇಕು ಎನ್ನುತ್ತದೆ ಇಂದಿನ ಕಾನೂನು. ಈ ವ್ಯವಸ್ಥೆಗೆ ಅಡಿಪಾಯ ಹಾಕಿದವರಲ್ಲಿ ಮುಖ್ಯರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್.

ಜೈಲು ಕಂಡ ವಕೀಲ

1915ರ ನವೆಂಬರ್ 15ರಂದು ಪಾಲಕ್ಕಾಡ್ ಬಳಿಯ ವೈದ್ಯನಾಥಪುರದಲ್ಲಿ ಜನಿಸಿದ ಅಯ್ಯರ್ ಅವರ ತಂದೆಯೂ ವಕೀಲರು. ಮದ್ರಾಸಿನಲ್ಲಿ ಕಾನೂನು ಓದಿದ ಅವರು ತಲಶ್ಶೇರಿಯಲ್ಲಿ ವಕೀಲಿ ಆರಂಭಿಸಿದರು. ರೈತರು, ಕಾರ್ಮಿಕರೇ ಅವರ ಬಳಿ ಹೆಚ್ಚಾಗಿ ಬರುತ್ತಿದ್ದರು. 1948ರಲ್ಲಿ ಪೊಲೀಸರ ಚಿತ್ರಹಿಂಸೆಯನ್ನು ಪ್ರಶ್ನಿಸಿದಾಗ, ಕಮ್ಯುನಿಸ್ಟರಿಗೆ ಕಾನೂನು ಸಹಾಯ ಮಾಡಿದರೆಂಬ ಆರೋಪದಲ್ಲಿ ಅವರನ್ನೇ ಒಂದು ತಿಂಗಳು ಜೈಲಿನಲ್ಲಿಡಲಾಯಿತು.

ತಿರುವನಂತಪುರದಲ್ಲಿ ಮಂತ್ರಿ

1957ರಲ್ಲಿ ತಲಶ್ಶೇರಿಯಿಂದ ಪಕ್ಷೇತರರಾಗಿ ಗೆದ್ದ ಅಯ್ಯರ್, ಇ.ಎಂ.ಎಸ್. ನಂಬೂದಿರಿಪಾಡ್ ಸಂಪುಟದಲ್ಲಿ ಕಾನೂನು, ಗೃಹ, ಕಾರಾಗೃಹ ಮುಂತಾದ ಖಾತೆಗಳನ್ನು ವಹಿಸಿಕೊಂಡರು. ಬಡವರಿಗೆ ಕಾನೂನು ನೆರವು ನೀಡುವ ನಿಯಮಗಳನ್ನು ಕೇರಳ ಅದೇ ವರ್ಷ ರೂಪಿಸಿತು. ಮಹಿಳೆಯರು ಮತ್ತು ಮಕ್ಕಳಿಗಾಗಿ ರಕ್ಷಣಾ ಗೃಹಗಳು ಆರಂಭವಾದವು. 1959ರಲ್ಲಿ ಸರ್ಕಾರ ವಜಾಗೊಂಡಾಗ ಅವರು ಮತ್ತೆ ಕರಿಕೋಟು ಧರಿಸಿದರು.

1968ರಲ್ಲಿ ಎರ್ನಾಕುಲಂನಲ್ಲಿರುವ ಕೇರಳ ಹೈಕೋರ್ಟ್‌ನ ನ್ಯಾಯಮೂರ್ತಿಯಾದರು. ಬಳಿಕ ಕಾನೂನು ಆಯೋಗದ ಸದಸ್ಯರಾಗಿದ್ದಾಗ, ಕೇಂದ್ರ ಸರ್ಕಾರ ನೇಮಿಸಿದ ಕಾನೂನು ನೆರವು ತಜ್ಞರ ಸಮಿತಿಯ ನೇತೃತ್ವ ಅವರಿಗೆ ಸಿಕ್ಕಿತು. 1973ರ ಮೇನಲ್ಲಿ ಬಂದ ಸಮಿತಿಯ ವರದಿ, ಕಾನೂನು ನೆರವು ದಾನವಲ್ಲ, ಸರ್ಕಾರದ ಹೊಣೆ ಎಂಬ ಚಿಂತನೆಗೆ ಬಲ ಕೊಟ್ಟಿತು. ಉಚಿತ ಕಾನೂನು ನೆರವನ್ನು ಹೇಳುವ 39-ಎ ವಿಧಿ 1976ರ 42ನೇ ತಿದ್ದುಪಡಿಯ ಮೂಲಕ ಸಂವಿಧಾನ ಸೇರಿತು.

ಹೆಂಡತಿ, ಮಕ್ಕಳ ಪಾಲು

1973ರ ಜುಲೈನಿಂದ 1980ರ ನವೆಂಬರ್‌ವರೆಗೆ ಅವರು ಸುಪ್ರೀಂ ಕೋರ್ಟ್‌ನಲ್ಲಿದ್ದರು. 1978ರಲ್ಲಿ ಸೇನಾಧಿಕಾರಿಯೊಬ್ಬರ ಜೀವನಾಂಶದ ಪ್ರಕರಣ ಅವರ ಮುಂದೆ ಬಂತು. ಆಗಿನ ಕಾನೂನಿನ ಗರಿಷ್ಠ ಮಿತಿ ತಿಂಗಳಿಗೆ 500 ರೂಪಾಯಿ. ಅದು ಹೆಂಡತಿ, ಮಕ್ಕಳಿಗೆಲ್ಲ ಸೇರಿ ಎಂದು ಪತಿ ವಾದಿಸಿದ್ದರು. ಅಯ್ಯರ್ ಒಪ್ಪಲಿಲ್ಲ, ಆ ಮಿತಿ ಒಬ್ಬೊಬ್ಬರಿಗೂ ಪ್ರತ್ಯೇಕ ಎಂದು ತೀರ್ಪಿತ್ತರು. ಮರುವರ್ಷ ಕೊಡಗಿನ ಸಿ.ಬಿ. ಮುತ್ತಮ್ಮ ಅವರ ಪ್ರಕರಣದಲ್ಲಿ, ಮಹಿಳಾ ರಾಜತಾಂತ್ರಿಕರು ಮದುವೆಯಾಗಲು ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮವನ್ನು ಕಟುವಾಗಿ ಟೀಕಿಸಿದರು.

ಆದಾಯ ಕೇಳದ ಕಾನೂನು

1987ರಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಜಾರಿಯಾದದ್ದು 1995ರ ನವೆಂಬರ್ 9ರಂದು. ರಾಷ್ಟ್ರ, ರಾಜ್ಯ, ಜಿಲ್ಲೆ ಎಂದು ಮೂರು ಹಂತದ ಕಾನೂನು ನೆರವು ನಿಧಿಗಳು ಬಂದವು. ಸರ್ಕಾರದ ಅನುದಾನ, ದೇಣಿಗೆ, ಕೋರ್ಟ್ ಆದೇಶದಿಂದ ಬರುವ ಹಣ ಇವುಗಳಿಗೆ ಸೇರುತ್ತದೆ. ಮಹಿಳೆಯರಿಗೆ ಇಲ್ಲಿ ಆದಾಯ ಮಿತಿಯೇ ಇಲ್ಲ. ಗಂಡನ ಸಂಬಳ ಎಷ್ಟೇ ಇದ್ದರೂ ಅದು ಹೆಂಡತಿಯ ಕೈಗೆ ಸಿಗದ ಮನೆಗಳೂ ಇರುವಾಗ, ಈ ಒಂದು ಅಂಶದ ಬೆಲೆ ದೊಡ್ಡದು.

2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದನ್ನೇ ಆಧರಿಸಿದೆ. ದೂರು ತಂದ ಮಹಿಳೆಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ ಎಂದು ಪೊಲೀಸರು ತಿಳಿಸಲೇಬೇಕು. ಆ ನೆರವು ಸಿಗುವಂತೆ ನೋಡಿಕೊಳ್ಳುವುದು ರಕ್ಷಣಾಧಿಕಾರಿಯ ಕರ್ತವ್ಯ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ನಡೆಯಬೇಕು. ರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಕೊಚ್ಚಿಯಲ್ಲಿ ಕೊನೆಯ ದಿನಗಳು

ನಿವೃತ್ತಿಯ ನಂತರ ಅಯ್ಯರ್ ಕೊಚ್ಚಿಯಲ್ಲಿ ನೆಲೆಸಿದರು. ಅನ್ಯಾಯಕ್ಕೊಳಗಾದವರಿಗೆ ಅವರ ಮನೆಯ ಬಾಗಿಲು ತೆರೆದೇ ಇರುತ್ತಿತ್ತು. 1999ರಲ್ಲಿ ಪದ್ಮವಿಭೂಷಣ ಸಂದಿತು. 2014ರ ಡಿಸೆಂಬರ್ 4ರಂದು ಅದೇ ನಗರದಲ್ಲಿ ಕೊನೆಯುಸಿರೆಳೆದರು.

ಕೇರಳ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುವುದೂ ಕೊಚ್ಚಿಯ ಹೈಕೋರ್ಟ್ ಆವರಣದಲ್ಲೇ. ತಿರುವನಂತಪುರದಿಂದ ಕಾಸರಗೋಡಿನವರೆಗೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಪ್ರಾಧಿಕಾರವಿದೆ. ಕರ್ನಾಟಕದಲ್ಲೂ ಇದೇ ವ್ಯವಸ್ಥೆ. ಕಾನೂನು ನೆರವಿನ ರಾಷ್ಟ್ರೀಯ ಸಹಾಯವಾಣಿ 15100. ಅಯ್ಯರ್ ಅವರ ಹೆಸರು ಗೊತ್ತಿಲ್ಲದ ಮಹಿಳೆಗೂ ಈ ಸಂಖ್ಯೆ ಗೊತ್ತಿರಬೇಕು. ಹಕ್ಕು ಇದೆಯೆಂದು ತಿಳಿಯದಿದ್ದರೆ, ನಿಧಿಯಲ್ಲಿ ಹಣವಿದ್ದರೂ ಆಕೆಗೆ ಅದು ಇಲ್ಲದಂತೆಯೇ.