ವಾಕಿಟಾಕಿಗೆ ಸ್ಪಷ್ಟ ದನಿ ಕೊಟ್ಟ ಆರ್ಮ್‌ಸ್ಟ್ರಾಂಗ್: ಗೆದ್ದ ಸುದ್ದಿ ಕೇಳೋಕೆ ಅವರೇ ಇರಲಿಲ್ಲ

ಜಾತ್ರೆ ಬಂದೋಬಸ್ತಿಗೆ ನಿಂತ ಪೊಲೀಸರು ವಾಕಿಟಾಕಿಯ ಗುಂಡಿ ಒತ್ತಿ ಮಾತಾಡ್ತಾರೆ, ಬಿಟ್ಟು ಕೇಳಿಸ್ಕೊತಾರೆ. ಗದ್ದಲದ ನಡುವೆಯೂ ಮಾತು ತಿಳಿಯುತ್ತೆ. ಇಂಥ ಸೆಟ್‌ಗಳಿಗೆ ದಾರಿ ಮಾಡಿಕೊಟ್ಟದ್ದು ಎಫ್‌ಎಂ. ಅದಕ್ಕಾಗಿ ಜೀವನವನ್ನೇ ಸವೆಸಿದವರು ಅಮೆರಿಕದ ಎಂಜಿನಿಯರ್ ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್.

ಅವರು ಹುಟ್ಟಿದ್ದು 1890ರ ಡಿಸೆಂಬರ್ 18ರಂದು, ನ್ಯೂಯಾರ್ಕ್‌ನಲ್ಲಿ. ಹುಡುಗನಿದ್ದಾಗಲೇ ಮನೆ ಹತ್ರ 125 ಅಡಿ ಎತ್ತರದ ಆಂಟೆನಾ ಕಂಬ ನಿಲ್ಲಿಸಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 1912ರಲ್ಲಿ, ಕ್ಷೀಣ ಸಿಗ್ನಲ್ಲನ್ನು ಜೋರಾಗಿ ಕೇಳಿಸುವ ಸರ್ಕ್ಯೂಟ್ ಕಂಡುಹಿಡಿದರು. ಮೊದಲ ಮಹಾಯುದ್ಧದಲ್ಲಿ ಸೇನೆಯ ಕೆಲಸಕ್ಕೆ ಪ್ಯಾರಿಸ್‌ಗೆ ಹೋದಾಗ ಸೂಪರ್‌ಹೆಟರೊಡೈನ್ ರಿಸೀವರ್ ರೂಪಿಸಿದರು.

ಆಗ ರೇಡಿಯೊ ಅಂದ್ರೆ ಎಎಂ. ದನಿಗೆ ತಕ್ಕಂತೆ ಅಲೆಯ ಎತ್ತರ ಏರಿಳಿಯುತ್ತಿತ್ತು. ಮಿಂಚು, ಮೋಟಾರಿನ ಕಿಡಿ ಕೂಡ ಆ ಎತ್ತರವನ್ನೇ ಕೆಡಿಸುತ್ತಿದ್ದವು. ಅದಕ್ಕೇ ಕರಕರ ಸದ್ದು. ಆರ್ಮ್‌ಸ್ಟ್ರಾಂಗ್ ಎತ್ತರವನ್ನು ಹಾಗೇ ಇಟ್ಟು, ಅಲೆಯ ಆವರ್ತನವನ್ನು ಬದಲಿಸಿದರು. ಎತ್ತರದಲ್ಲಿ ಬಂದ ಏರುಪೇರನ್ನು ರಿಸೀವರ್ ಕತ್ತರಿಸಿ ಹಾಕುತ್ತಿತ್ತು. 1933ರ ಡಿಸೆಂಬರ್ 26ರಂದು ಪೇಟೆಂಟ್ ಸಿಕ್ಕಿತು.

1940ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಪೊಲೀಸರು ಎರಡೂ ಕಡೆ ಮಾತಾಡುವ ಎಫ್‌ಎಂ ಸೆಟ್ ಬಳಕೆಗೆ ತಂದರು. ಎರಡನೇ ಮಹಾಯುದ್ಧದಲ್ಲಿ ಮೊಟೊರೊಲಾ ಕಂಪನಿಯ ಎಸ್‌ಸಿಆರ್-300 ಸೆಟ್ಟನ್ನು ಸೈನಿಕರು ಬೆನ್ನಿಗೆ ಕಟ್ಟಿಕೊಂಡು ಹೋದರು. ಅದರ ಮಾತು ಸುಮಾರು 5 ಕಿಲೋಮೀಟರ್ ಮುಟ್ಟುತ್ತಿತ್ತು. ಯುದ್ಧ ಮುಗಿಯುವವರೆಗೆ ತಮ್ಮ ಎಫ್‌ಎಂ ಪೇಟೆಂಟ್‌ಗಳನ್ನು ಸೇನೆ ಪುಕ್ಕಟೆ ಬಳಸಲಿ ಅಂತ ಆರ್ಮ್‌ಸ್ಟ್ರಾಂಗ್ ಬಿಟ್ಟುಕೊಟ್ಟರು.

ಎಫ್‌ಎಂಗೂ ಮಿತಿ ಉಂಟು. ಇಂಥ ಸೆಟ್‌ಗಳ ಅಲೆಗೆ ಗುಡ್ಡ, ಕಟ್ಟಡ ಅಡ್ಡ ಬಂದರೆ ದೂರ ಹೋಗೋದು ಕಷ್ಟ. ಒಂದೇ ಚಾನೆಲ್‌ನಲ್ಲಿ ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಬಲವಾದ ಸಿಗ್ನಲ್ ಇನ್ನೊಂದನ್ನು ನುಂಗುತ್ತೆ. ಹಾಗಾಗಿ ಒಬ್ಬರು ಮುಗಿಸಿದ ಮೇಲೆಯೇ ಇನ್ನೊಬ್ಬರು, ಅದೂ ಚುಟುಕಾಗಿ. ಗುಂಡಿ ಒತ್ತಿಯೇ ಹಿಡಿದರೆ ಗೊತ್ತುಮಾಡಿದ ಸಮಯಕ್ಕೆ ಪ್ರಸಾರವನ್ನು ತಾನೇ ನಿಲ್ಲಿಸುವ ಏರ್ಪಾಡು ಈಗಿನ ಅನೇಕ ಸೆಟ್‌ಗಳಲ್ಲಿದೆ.

ಆರ್ಮ್‌ಸ್ಟ್ರಾಂಗ್‌ಗೆ ಹೊಡೆತ ಬಿದ್ದದ್ದು ಬೇರೆ ಕಡೆಯಿಂದ. 1945ರಲ್ಲಿ ಅಮೆರಿಕ ಸರ್ಕಾರ ಎಫ್‌ಎಂ ಪ್ರಸಾರವನ್ನು 88ರಿಂದ 108 ಮೆಗಾಹರ್ಟ್ಸ್‌ಗೆ ಸರಿಸಿತು. ಜನ ದುಡ್ಡು ಕೊಟ್ಟು ಕೊಂಡಿದ್ದ ಹಳೆ ಸೆಟ್‌ಗಳು ಮೂಲೆ ಸೇರಿದವು. ದೊಡ್ಡ ಕಂಪನಿಗಳು ಅವರ ಪೇಟೆಂಟ್ ಒಪ್ಪದೆ ಎಫ್‌ಎಂ ಸೆಟ್ ಮಾರಿದವು. 1948ರಲ್ಲಿ ಅವರು ಆರ್‌ಸಿಎ ಕಂಪನಿಯ ಮೇಲೆ ಕೇಸ್ ಹಾಕಿದರು. ವರ್ಷಗಟ್ಟಲೆ ಕೋರ್ಟು, ವಕೀಲರು. ಕೈಲಿದ್ದ ದುಡ್ಡು ಕರಗಿತು, ಸಂಸಾರವೂ ಒಡೆಯಿತು. 1954ರ ಜನವರಿ ಕೊನೆಯಲ್ಲಿ, 63ನೇ ವಯಸ್ಸಿಗೆ, ತಮ್ಮ ಜೀವವನ್ನು ತಾವೇ ಕೊನೆಗಾಣಿಸಿಕೊಂಡರು.

ಹೆಂಡತಿ ಮರಿಯನ್ ಸುಮ್ಮನೆ ಕೂರಲಿಲ್ಲ. ಅದೇ ವರ್ಷ ಆರ್‌ಸಿಎ ಸುಮಾರು 10 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಉಳಿದ ಕಂಪನಿಗಳ ಮೇಲೂ ಆಕೆ ಕೋರ್ಟಿಗೆ ಅಲೆದರು. ಕೊನೆಯ ಕೇಸ್ ಮೊಟೊರೊಲಾ ಮೇಲಿನದು. 1967ರಲ್ಲಿ ಅದನ್ನೂ ಗೆದ್ದರು. ಅಷ್ಟರಲ್ಲಿ ಆರ್ಮ್‌ಸ್ಟ್ರಾಂಗ್ ತೀರಿಕೊಂಡು 13 ವರ್ಷ ಕಳೆದಿತ್ತು.