ಹಕ್ಕಿಗಳ ಲೆಕ್ಕ ಬರೆದಿಟ್ಟ ಡಾ. ಸಲೀಂ ಅಲಿ



ವಿಜ್ಞಾನಿ ಎಂದೊಡನೆ ನಿಮ್ಮ ಕಣ್ಣ ಮುಂದೆ ದೊಡ್ಡ ಪ್ರಯೋಗಾಲಯ, ಬಿಳಿ ಕೋಟು, ಹೆಸರಿನ ಜೊತೆಗೆ ಸಾಲು ಸಾಲು ಪದವಿಗಳು ಬಂದು ನಿಲ್ಲುತ್ತವೆ. ಭಾರತದ ಪಕ್ಷಿಗಳ ಬಗ್ಗೆ ಜಗತ್ತಿಗೇ ತಿಳಿಸಿಕೊಟ್ಟ ಡಾ. ಸಲೀಂ ಅಲಿಯವರ ಬಳಿ ಇವೇನೂ ಇರಲಿಲ್ಲ. ಅವರ ಆಸ್ತಿಯೆಂದರೆ ಒಂದು ದುರ್ಬೀನು, ಒಂದು ಟಿಪ್ಪಣಿ ಪುಸ್ತಕ ಮತ್ತು ಕಂಡದ್ದನ್ನು ತಾರೀಖು ಸಮೇತ ಬರೆದಿಡುವ ಅಭ್ಯಾಸ. ಅವರ ಹೆಸರಿನ ಮುಂದಿನ ಡಾಕ್ಟರ್ ಎಂಬುದು ಕೂಡ ಅವರು ಪರೀಕ್ಷೆ ಬರೆದು ಪಡೆದದ್ದಲ್ಲ; ವಿಶ್ವವಿದ್ಯಾಲಯಗಳು ಗೌರವಪೂರ್ವಕವಾಗಿ ನೀಡಿದ್ದು. ಅಂಥ ಮೊದಲ ಗೌರವ 1958ರಲ್ಲಿ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಿಂದ ಬಂದಿತು. ಅಂಕಗಳು ಕಡಿಮೆಯಾದವೆಂದು ತಲೆ ತಗ್ಗಿಸಿ ಕುಳಿತಿರುವ ವಿದ್ಯಾರ್ಥಿಗಳು ನಿಮ್ಮಲ್ಲಿ ಯಾರಾದರೂ ಇದ್ದರೆ ಈ ಬಾಳಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಓದಬೇಕೆಂದು ನನ್ನ ವಿನಂತಿ.

ಬಾಲ್ಯ ಮತ್ತು ಒಂದು ಗುಬ್ಬಿ

ಸಲೀಂ ಅಲಿಯವರು ಹುಟ್ಟಿದ್ದು 1896ರ ನವೆಂಬರ್ 12ರಂದು ಮುಂಬೈನಲ್ಲಿ. ತುಂಬು ಕುಟುಂಬದ ಕೊನೆಯ ಮಗು. ಒಂದು ವರ್ಷದವರಿದ್ದಾಗ ತಂದೆ ಮೊಯಿಜುದ್ದೀನ್ ತೀರಿಕೊಂಡರು. ಮೂರು ವರ್ಷ ತುಂಬುವ ಹೊತ್ತಿಗೆ ತಾಯಿ ಜೀನತ್ ಉನ್ನಿಸಾ ಕೂಡ ಇಲ್ಲವಾದರು. ಯತೀಮರಾದ ಮಕ್ಕಳನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ತಮ್ಮ ಮನೆಗೆ ಕರೆತಂದು ಸಾಕಿದರು. ಸ್ವಂತ ಮಕ್ಕಳಿಲ್ಲದ ಆ ದಂಪತಿಗಳ ಮನೆ ಮಕ್ಕಳಿಂದ ತುಂಬಿತು.

ಬಾಲಕ ಸಲೀಂಗೆ ಆಟಿಕೆಯ ಏರ್‌ಗನ್ ಒಂದು ಸಿಕ್ಕಿತ್ತು. ಒಂದು ದಿನ ಹೊಡೆದ ಗುಬ್ಬಿಯ ಕೊರಳಿನಲ್ಲಿ ಹಳದಿ ಬಣ್ಣದ ಮಚ್ಚೆ ಕಂಡಿತು. ಇದು ನಿಜವಾಗಿ ಗುಬ್ಬಿಯೇ, ಮುಸ್ಲಿಮರು ಇದನ್ನು ತಿನ್ನಬಹುದೇ ಎಂಬ ಸಂಶಯ ಹುಟ್ಟಿ ಹುಡುಗ ಅದನ್ನು ಮಾವನ ಬಳಿಗೆ ಕೊಂಡೊಯ್ದ. ಮಾವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸದಸ್ಯರು. ತಮಗೆ ತಿಳಿಯದಿದ್ದುದಕ್ಕೆ ಏನೋ ಒಂದು ಉತ್ತರ ಹೇಳಿ ಕಳಿಸುವ ಬದಲು, ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಅವರಿಗೆ ಒಂದು ಚೀಟಿ ಬರೆದುಕೊಟ್ಟು ಹುಡುಗನನ್ನೇ ಕಳಿಸಿದರು. ಅಳುಕುತ್ತಲೇ ಒಳಗೆ ಹೋದ ಹುಡುಗನಿಗೆ ಆ ಇಂಗ್ಲಿಷ್ ದೊರೆ ಅದು ಹಳದಿ ಕೊರಳಿನ ಗುಬ್ಬಿ ಎಂದು ತಿಳಿಸಿ, ಕಪಾಟುಗಳನ್ನು ತೆರೆದು ನೂರಾರು ಹಕ್ಕಿಗಳ ಮಾದರಿಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನೂ ಕೊಟ್ಟರು. ಸಲೀಂ ಅಲಿಯವರ ಬದುಕು ತಿರುಗಿದ್ದು ಅಲ್ಲಿ. ಮುಂದೆ ವೃದ್ಧಾಪ್ಯದಲ್ಲಿ, 1985ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಗೆ ಅವರು ಇದೇ ಗುಬ್ಬಿಯ ಹೆಸರನ್ನಿಟ್ಟರು.

ಆ ಸೊಸೈಟಿಯ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಅದು 1883ರಲ್ಲಿ ಮುಂಬೈನ ಎಂಟು ಮಂದಿ ಹವ್ಯಾಸಿಗಳು ಸೇರಿ ಕಟ್ಟಿದ ಸಂಸ್ಥೆ. ಅವರಲ್ಲಿ ಇಬ್ಬರು ಭಾರತೀಯ ವೈದ್ಯರೂ ಇದ್ದರು. 1886ರಿಂದ ಸೊಸೈಟಿ ತನ್ನದೇ ಪತ್ರಿಕೆ ಹೊರಡಿಸಿತು. ತೋಟದ ಮಾಲೀಕರು, ಸೈನಿಕರು, ಅರಣ್ಯಾಧಿಕಾರಿಗಳು ತಾವು ಕಂಡ ಪ್ರಾಣಿ, ಪಕ್ಷಿ, ಗಿಡಗಳ ಬಗ್ಗೆ ಅದಕ್ಕೆ ಟಿಪ್ಪಣಿ ಬರೆದು ಕಳಿಸುತ್ತಿದ್ದರು. ಹೊಟ್ಟೆಪಾಡಿಗೆ ಬೇರೆ ಕೆಲಸ, ಪ್ರೀತಿಗೆ ಈ ಕೆಲಸ. ಒಬ್ಬನ ಟಿಪ್ಪಣಿ ಚಿಕ್ಕದು. ಸಾವಿರ ಜನರದ್ದು ಸೇರಿದಾಗ ಅದೇ ಶಾಸ್ತ್ರವಾಗುತ್ತದೆ.

ಮುಚ್ಚಿದ ಬಾಗಿಲುಗಳು

ಓದಿನಲ್ಲಿ ಸಲೀಂ ಅಲಿಯವರು ಮುಂದಿರಲಿಲ್ಲ. ಬಾಲ್ಯದಲ್ಲಿ ತಲೆನೋವಿನ ಕಾಟದಿಂದ ಶಾಲೆ ಆಗಾಗ ತಪ್ಪುತ್ತಿತ್ತು. 1913ರಲ್ಲಿ ಮೆಟ್ರಿಕ್ಯುಲೇಶನ್ ಹೇಗೋ ದಾಟಿದರು. ಕಾಲೇಜಿನ ಮೊದಲ ವರ್ಷದಲ್ಲೇ ಗಣಿತ ಕೈಕೊಟ್ಟಿತು. ಓದು ಬಿಟ್ಟು ಬರ್ಮಾ ದೇಶದ ತಾವೋಯ್ ಎಂಬಲ್ಲಿಗೆ ಹೋದರು. ಅಲ್ಲಿ ಅವರ ಕುಟುಂಬಕ್ಕೆ ಮರದ ವ್ಯಾಪಾರವೂ ವುಲ್ಫ್ರಾಂ ಅದಿರಿನ ಗಣಿಯೂ ಇದ್ದವು. ಗಣಿ ಎಂದರೇನೆಂದು ನಂದಿದುರ್ಗದ ಓದುಗರಿಗೆ ಯಾರೂ ವಿವರಿಸಬೇಕಾಗಿಲ್ಲ. ಆದರೆ ಈ ಯುವಕನ ಗಮನವೆಲ್ಲ ಗಣಿಯ ಸುತ್ತಲ ಕಾಡಿನ ಮೇಲಿತ್ತು. ವ್ಯಾಪಾರದಲ್ಲಿ ಅವರು ಗೆಲ್ಲಲಿಲ್ಲ. ಹಕ್ಕಿ ನೋಡುವ ಕಣ್ಣು ಮಾತ್ರ ಅಲ್ಲಿ ಪಳಗಿತು.

1917ರಲ್ಲಿ ಮುಂಬೈಗೆ ಮರಳಿ ವಾಣಿಜ್ಯ ಮತ್ತು ಲೆಕ್ಕಪತ್ರದ ತರಗತಿಗೆ ಸೇರಿದರು. ಅವರ ಒಲವನ್ನು ಕಂಡ ಸೇಂಟ್ ಕ್ಸೇವಿಯರ್ ಕಾಲೇಜಿನ ಫಾದರ್ ಬ್ಲಾಟರ್ ಪ್ರಾಣಿಶಾಸ್ತ್ರ ಓದಲು ಹುರಿದುಂಬಿಸಿದರು. 1918ರ ಡಿಸೆಂಬರಿನಲ್ಲಿ ತೆಹಮಿನಾ ಬೇಗಂ ಅವರೊಡನೆ ವಿವಾಹವಾಯಿತು. ಭಾರತೀಯ ಪ್ರಾಣಿ ಸರ್ವೇಕ್ಷಣ ಇಲಾಖೆಯಲ್ಲಿ ಪಕ್ಷಿತಜ್ಞರ ಹುದ್ದೆಯೊಂದು ಖಾಲಿಯಾದಾಗ ವಿಶ್ವವಿದ್ಯಾಲಯದ ಪದವಿ ಇಲ್ಲವೆಂಬ ಕಾರಣಕ್ಕೆ ಅದು ಅವರ ಕೈ ತಪ್ಪಿತು. 1926ರಲ್ಲಿ ಮುಂಬೈನ ವಸ್ತುಸಂಗ್ರಹಾಲಯದಲ್ಲಿ ಜನರಿಗೆ ಪ್ರಾಣಿಪಕ್ಷಿಗಳ ಬಗ್ಗೆ ವಿವರಿಸುವ ಗೈಡ್ ಲೆಕ್ಚರರ್ ಕೆಲಸ ಸಿಕ್ಕಿತು. ಎರಡು ವರ್ಷದ ಬಳಿಕ ರಜೆ ಪಡೆದು ಜರ್ಮನಿಗೆ ಹೋಗಿ ಬರ್ಲಿನ್‌ನ ಪ್ರೊ. ಸ್ಟ್ರೆಸ್‌ಮನ್ ಅವರ ಬಳಿ ಕಲಿತರು. ಹೆಲಿಗೋಲೆಂಡ್ ದ್ವೀಪದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ವಿಧಾನವನ್ನೂ ಅಭ್ಯಾಸ ಮಾಡಿದರು. 1930ರಲ್ಲಿ ಮರಳಿ ಬಂದರೆ ಹಣವಿಲ್ಲವೆಂದು ಅವರ ಹುದ್ದೆಯನ್ನೇ ರದ್ದು ಮಾಡಲಾಗಿತ್ತು!

2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದಾಗ ಇಲ್ಲಿಯ ಮನೆಗಳಲ್ಲಿ ಕವಿದ ಮೌನವನ್ನು ಹಿರಿಯರು ಮರೆತಿಲ್ಲ. ಕಲಿತ ಕೆಲಸ ಕೈಯಲ್ಲಿದ್ದೂ ಕೆಲಸ ಕೊಡುವವರಿಲ್ಲದ ಆ ಸ್ಥಿತಿ ಸಲೀಂ ಅಲಿಯವರಿಗೂ ಬಂದಿತ್ತು. ಅವರು ಪತ್ನಿಯೊಡನೆ ಮುಂಬೈ ಬಂದರಿನಾಚೆಯ ಕಿಹಿಮ್ ಎಂಬ ಕರಾವಳಿ ಹಳ್ಳಿಗೆ ಹೋಗಿ ನೆಲೆಸಿದರು. ಮನೆಯ ಹತ್ತಿರವೇ ಗೀಜಗ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ಮಳೆಗಾಲದ ಉದ್ದಕ್ಕೂ ದಿನವೂ ಕುಳಿತು ಅವುಗಳನ್ನು ನೋಡಿ ಬರೆದುಕೊಂಡರು. ಗಂಡು ಗೀಜಗ ಗೂಡನ್ನು ಅರ್ಧ ಹೆಣೆದು ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಪೂರ್ತಿಗೊಳಿಸುತ್ತದೆ. ಅದು ಮೊಟ್ಟೆಯಿಟ್ಟು ಕೂತ ಮೇಲೆ ಗಂಡು ಇನ್ನೊಂದು ಗೂಡಿಗೆ ಕೈ ಹಾಕುತ್ತದೆ. ನಮ್ಮ ಬಾವಿಗಳ ಮೇಲೆ, ಈಚಲು ಮರಗಳಲ್ಲಿ ತೂಗುವ ಗೂಡುಗಳ ಈ ಗುಟ್ಟನ್ನು ತಾಳ್ಮೆಯಿಂದ ಬಿಡಿಸಿ ಬರೆದವರು ಕೆಲಸ ಕಳೆದುಕೊಂಡಿದ್ದ ಈ ಮನುಷ್ಯ. ಅವರ ಆ ಲೇಖನ ಪಕ್ಷಿವಿಜ್ಞಾನಿಗಳ ನಡುವೆ ಅವರಿಗೆ ಹೆಸರು ತಂದಿತು.

ಮೈಸೂರು ಸೀಮೆಗೆ ಬಂದದ್ದು

ಆ ಬಳಿಕ ಅವರು ಒಂದು ದಾರಿ ಕಂಡುಕೊಂಡರು. ದೇಶೀಯ ಸಂಸ್ಥಾನಗಳು ಓಡಾಟ ಮತ್ತು ಬಿಡಾರದ ಖರ್ಚು ಕೊಟ್ಟರೆ ತಾವು ಸಂಬಳವಿಲ್ಲದೆ ಅಲ್ಲಿಯ ಪಕ್ಷಿಗಳ ಸಮೀಕ್ಷೆ ಮಾಡಿಕೊಡುವುದಾಗಿ ತಿಳಿಸಿದರು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಹೀಗೆ ಒಂದೊಂದೇ ಸಂಸ್ಥಾನದ ಕೆಲಸ ಮುಗಿಯಿತು. ಬಿಡಾರಗಳಲ್ಲಿ ತೆಹಮಿನಾ ಜೊತೆಗಿದ್ದು ಎಲ್ಲ ಕಷ್ಟಗಳನ್ನು ಹಂಚಿಕೊಂಡರು.

1939ರಲ್ಲಿ ಒಂದು ಶಸ್ತ್ರಚಿಕಿತ್ಸೆಯ ನಂತರ ತೆಹಮಿನಾ ತೀರಿಕೊಂಡರು. ಮಕ್ಕಳಿಲ್ಲದ ಸಲೀಂ ಅಲಿಯವರು ಮತ್ತೆ ಮದುವೆಯಾಗಲಿಲ್ಲ. ತಂಗುವ ಮನೆ ಸೋದರಿಯದಾಯಿತು. ಅದೇ ದುಃಖದ ವರ್ಷದ ಕೊನೆಗೆ ಅವರು ಕೈಗೆತ್ತಿಕೊಂಡದ್ದು ನಮ್ಮ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಯನ್ನು. 1939-40ರಲ್ಲಿ ನಡೆದ ಆ ಕೆಲಸದ ವರದಿ 1942ರಿಂದ ಸೊಸೈಟಿಯ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದಿತು. ಕೋಲಾರವೂ ಆಗ ಮೈಸೂರು ಸೀಮೆಯದೇ. ಎಂಬತ್ತು ವರ್ಷಗಳಿಗೂ ಹಿಂದೆ ಈ ನಾಡಿನಲ್ಲಿ ಯಾವ ಹಕ್ಕಿ ಎಲ್ಲಿತ್ತು ಎಂದು ಇಂದು ತಿಳಿಯಬೇಕಾದರೆ ಆ ಪುಟಗಳನ್ನೇ ತೆರೆಯಬೇಕು.

ಕನ್ನಡ ನಾಡಿನೊಂದಿಗೆ ಅವರ ನಂಟು ಅಲ್ಲಿಗೆ ಮುಗಿಯಲಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೂ ಹೊಸ ಜ್ವರ ಹರಡಿತು. ಉಣ್ಣೆಗಳಿಂದ ಬರುವ ಈ ಮಂಗನ ಕಾಯಿಲೆಯ ವೈರಸ್ಸು ರಷ್ಯಾ ಕಡೆಯ ಒಂದು ವೈರಸ್ಸಿಗೆ ಹತ್ತಿರದ್ದಾಗಿತ್ತು. ಹಾಗಾದರೆ ವಲಸೆ ಹಕ್ಕಿಗಳೇ ಉಣ್ಣೆಗಳನ್ನು ಹೊತ್ತು ತಂದಿರಬಹುದೇ? ಈ ಅನುಮಾನವನ್ನು ಪರಿಶೀಲಿಸಲು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ 1959ರಲ್ಲಿ ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯ ಆರಂಭವಾಯಿತು. ಹೆಲಿಗೋಲೆಂಡ್‌ನಲ್ಲಿ ಕಲಿತದ್ದು ಮೂವತ್ತು ವರ್ಷಗಳ ಬಳಿಕ ಹೀಗೆ ಕೆಲಸಕ್ಕೆ ಬಂದಿತು.

ಎಲ್ಲರ ಕೈಗೆ ಪುಸ್ತಕ

ಮಿತ್ರರೇ, ತಾವು ಕಲಿತದ್ದನ್ನು ಅವರು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಿಲ್ಲ. 1941ರಲ್ಲಿ ಬಂದ ಅವರ ಭಾರತೀಯ ಪಕ್ಷಿಗಳ ಪುಸ್ತಕ, ಬಣ್ಣದ ಚಿತ್ರಗಳೊಡನೆ, ಸಾಮಾನ್ಯ ಓದುಗನೂ ಹಕ್ಕಿಯನ್ನು ಗುರುತಿಸುವಂತೆ ಮಾಡಿತು. ಮತ್ತೆ ಮತ್ತೆ ಮುದ್ರಣವಾಯಿತು. ಅಮೆರಿಕದ ಡಿಲ್ಲನ್ ರಿಪ್ಲೆಯವರೊಡನೆ ಸೇರಿ ಬರೆದ, ಭಾರತ ಮತ್ತು ಪಾಕಿಸ್ತಾನದ ಪಕ್ಷಿಗಳ ಕೈಪಿಡಿ 1968ರಿಂದ 1974ರವರೆಗೆ 10 ಸಂಪುಟಗಳಲ್ಲಿ ಹೊರಬಂದಿತು. ಅದು ಮುಗಿದಾಗ ಅವರಿಗೆ 77 ವರ್ಷ ದಾಟಿತ್ತು.

ಅವರ ಬಳಗದ ಜಾಫರ್ ಫುತೇಹಲ್ಲಿಯವರು 1960ರ ಸುಮಾರಿಗೆ ಪಕ್ಷಿವೀಕ್ಷಕರಿಗಾಗಿಯೇ ಒಂದು ಪುಟ್ಟ ವಾರ್ತಾಪತ್ರ ಆರಂಭಿಸಿದರು. ವಿದ್ಯಾರ್ಥಿ, ಗುಮಾಸ್ತ, ಗೃಹಿಣಿ ಯಾರೇ ಆಗಲಿ, ತಮ್ಮ ಹಿತ್ತಲಲ್ಲಿ ಕಂಡ ಹಕ್ಕಿಯ ಬಗ್ಗೆ ಅದಕ್ಕೆ ಬರೆಯಬಹುದಿತ್ತು. ಫುತೇಹಲ್ಲಿಯವರು ಮುಂದೆ ಬೆಂಗಳೂರಿನಲ್ಲಿ ನೆಲೆಸಿ, 2013ರಲ್ಲಿ ತೀರಿಕೊಂಡರು.

ಬರೆದಿಟ್ಟ ಲೆಕ್ಕದಿಂದ ಏನು ಪ್ರಯೋಜನ ಎಂದು ನೀವು ಕೇಳಬಹುದು. ಭರತಪುರದ ಜವುಗು ಪ್ರದೇಶವನ್ನು ಹೊಲ ಮಾಡಬೇಕೆಂಬ ಒತ್ತಾಯ ಬಂದಾಗ ಸಲೀಂ ಅಲಿಯವರ ಮಾತಿಗೆ ಸರ್ಕಾರದಲ್ಲಿ ಬೆಲೆ ಸಿಕ್ಕಿತು, ಆ ತಾಣ ಉಳಿಯಿತು. 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಕೇರಳದ ಸೈಲೆಂಟ್ ವ್ಯಾಲಿ ಕಾಡು ಅಣೆಕಟ್ಟಿನಡಿ ಮುಳುಗದಂತೆ ನೋಡಿಕೊಂಡವರಲ್ಲೂ ಅವರೊಬ್ಬರು. ಅವರು ತೀರಿಕೊಂಡ ನಂತರದ ಸಂಗತಿ ಇನ್ನೂ ದೊಡ್ಡದು. 1990ರ ದಶಕದಲ್ಲಿ ರಣಹದ್ದುಗಳು ಕಣ್ಮರೆಯಾಗತೊಡಗಿದಾಗ, ಭರತಪುರದಲ್ಲಿ ಸೊಸೈಟಿಯವರು ಮೊದಲೇ ಎಣಿಸಿ ಬರೆದಿಟ್ಟಿದ್ದ ಲೆಕ್ಕವೇ ಕುಸಿತವನ್ನು ತೋರಿಸಿಕೊಟ್ಟಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧಿ ಕಾರಣವೆಂದು 2004ರ ಹೊತ್ತಿಗೆ ಗೊತ್ತಾಯಿತು. 2006ರಲ್ಲಿ ಭಾರತ ಸರ್ಕಾರ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ಹಳೆಯ ಲೆಕ್ಕವಿಲ್ಲದಿದ್ದರೆ ಹದ್ದುಗಳು ಎಂದಿನಿಂದ ಕಡಿಮೆಯಾದವು, ಎಷ್ಟು ಕಡಿಮೆಯಾದವು ಎಂದು ಯಾರು ಹೇಳುತ್ತಿದ್ದರು?

ಸಲೀಂ ಅಲಿಯವರಿಗೆ 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ದೊರೆತವು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಗೆಟ್ಟಿ ಪ್ರಶಸ್ತಿಯಿಂದ ಬಂದ ಹಣವನ್ನು ಪ್ರಕೃತಿ ಸಂರಕ್ಷಣೆಯ ನಿಧಿಗೆ ಇಟ್ಟರು. 1987ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಮುಂಬೈನಲ್ಲಿ ನಿಧನರಾದರು. ಅವರ ಹೆಸರಿನ ಪಕ್ಷಿವಿಜ್ಞಾನ ಕೇಂದ್ರ 1990ರಲ್ಲಿ ಕೊಯಮತ್ತೂರಿನಲ್ಲಿ ಸ್ಥಾಪನೆಯಾಯಿತು. ಅವರ ಜನ್ಮದಿನವಾದ ನವೆಂಬರ್ 12ನ್ನು ಹಕ್ಕಿಪ್ರಿಯರು ಪಕ್ಷಿ ದಿನವಾಗಿ ಆಚರಿಸುತ್ತಾರೆ.

ನಮ್ಮ ಊರಿನ ಲೆಕ್ಕ

ಇನ್ನು ನಮ್ಮ ಮಾತಿಗೆ ಬರೋಣ. ನಮ್ಮ ಗಣಿಗಳಿಂದ ಸುಮಾರು 800 ಟನ್ ಚಿನ್ನ ಹೊರಬಂದಿತೆಂದು ಲೆಕ್ಕವಿದೆ. ಆದರೆ ಬೇತಮಂಗಲದ ಕೆರೆಗೆ ಈ ವರ್ಷ ಯಾವ ಹಕ್ಕಿಗಳು ಬಂದವು, ಸೈನೈಡ್ ದಿಬ್ಬಗಳ ಸುತ್ತಲ ಬಯಲಲ್ಲಿ ಟಿಟ್ಟಿಭ ಎಂದು ಮೊಟ್ಟೆಯಿಟ್ಟಿತು, ಬಂಗಾರಪೇಟೆಯ ಈಚಲು ಮರಗಳಲ್ಲಿ ಎಷ್ಟು ಗೀಜಗದ ಗೂಡುಗಳಿದ್ದವು ಎಂಬ ಲೆಕ್ಕ ನಿಮ್ಮಲ್ಲಿ ಯಾರ ಮನೆಯಲ್ಲಿದೆ? ನಮ್ಮ ಗಣಿಯ ಹೆಸರನ್ನೇ ಹೊತ್ತ, 2007ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ನಂದಿಬೆಟ್ಟದ ಬಂಡೆಗಳ ನಡುವೆ ಹಳದಿ ಕೊರಳಿನ ಪಿಕಳಾರವಿದೆ; ಅದು ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ನಮ್ಮ ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ, 1994ರಲ್ಲಿ ವಿಜ್ಞಾನಿಗಳು ಹೆಸರಿಸಿದ ಎಲೆಮೂಗಿನ ಬಾವಲಿಯೊಂದು ಬದುಕಿದೆ. ಜಗತ್ತಿನಲ್ಲಿ ಅದರ ವಾಸ ತಿಳಿದಿರುವುದು ಅಲ್ಲಿ ಮಾತ್ರ. ಎಣಿಸಿದವರಿಗೆ ಸಿಕ್ಕಿದ್ದು ಇನ್ನೂರಕ್ಕಿಂತ ಕಡಿಮೆ. ಯಾರೋ ನೋಡಿ ಬರೆಯದಿದ್ದರೆ ಕಲ್ಲುಗಣಿಯ ಸಿಡಿಮದ್ದಿಗೆ ಅದು ಹೆಸರಿಲ್ಲದೆಯೇ ಹೋಗುತ್ತಿತ್ತು.

ನೀವು ದೂರ ಹೋಗಬೇಕಾಗಿಲ್ಲ, ಖರ್ಚೂ ಬೇಕಾಗಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ತಾರೀಖು, ಸಮಯ, ಸ್ಥಳ, ಕಂಡ ಹಕ್ಕಿ ಅಥವಾ ಗಿಡ, ಎಷ್ಟಿತ್ತು, ಏನು ಮಾಡುತ್ತಿತ್ತು, ಇಷ್ಟು ಬರೆಯಿರಿ. ಗುರುತು ಸಿಗದಿದ್ದರೆ ಸಿಗಲಿಲ್ಲವೆಂದೇ ಬರೆಯಿರಿ. ಊಹಿಸಿ ಹೆಸರು ಹಾಕುವುದು ಬೇಡ. ಆಮೇಲೆ ಅದನ್ನು ಗೆಳೆಯರಿಗೆ, ಮಾಸ್ತರರಿಗೆ ತೋರಿಸಿ. ಮೊಬೈಲ್ ಇರುವವರು ಇ-ಬರ್ಡ್‌ನಂಥ ಸೌಲಭ್ಯದ ಮೂಲಕ ಜಗತ್ತಿನ ಲೆಕ್ಕಕ್ಕೆ ತಮ್ಮದನ್ನೂ ಸೇರಿಸಬಹುದು.

ಹಿರಿಯರಲ್ಲಿಯೂ ಒಂದು ಕೋರಿಕೆ. ನಿಮ್ಮ ಮನೆಯ ಮಗು ಹೆಸರು ಗೊತ್ತಿಲ್ಲದ ಹಕ್ಕಿಯನ್ನು ತೋರಿಸಿ ಇದೇನೆಂದು ಕೇಳಿದರೆ, ಹೋಗಿ ಪಾಠ ಓದು ಎಂದು ಗದರಿಸಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿರುವವರ ಬಳಿಗೆ ಕಳಿಸಿಕೊಡಿ. ಅಮೀರುದ್ದೀನ್ ತ್ಯಾಬ್ಜಿಯವರು ತಮ್ಮ ಯತೀಮ ಅಳಿಯನಿಗಾಗಿ ಮಾಡಿದ್ದು ಅಷ್ಟೇ.